ಎರವಲು ಹೆಸರಿನ ಮೌತ್ ಆರ್ಗನ್ ವಾದಕ

1963 ಮತ್ತು 1964ರಲ್ಲಿ ಯುರೋಪಿನ ಟೆಲಿವಿಷನ್‌ನವರು ತೆಗೆದ ಕೆಲವು ಕಪ್ಪು-ಬಿಳುಪು ಚಿತ್ರಗಳಿವೆ. ಒಂದೊಂದೂ ಕೆಲವೇ ನಿಮಿಷಗಳದ್ದು. ಅವುಗಳಲ್ಲಿ ಆರಡಿಗೂ ಮಿಕ್ಕ ಎತ್ತರದ, ಚೂಪು ಗಡ್ಡದ, ನೋಡಲು ಮುದುಕನಂತಿರುವ ಕರಿಯ ಜನಾಂಗದ ಒಬ್ಬಾತ ಅಂಗೈಯಲ್ಲಿ ಅಡಗಿಹೋಗುವಷ್ಟು ಚಿಕ್ಕ ಮೌತ್ ಆರ್ಗನ್ ಹಿಡಿದು ನಿಂತಿರುತ್ತಾನೆ. ಊದುತ್ತಾನೆ, ಹಾಡುತ್ತಾನೆ, ಮತ್ತೆ ಊದುತ್ತಾನೆ. ನಡುವೆ ಬೆರಳು ಚಿಟುಕಿಸುತ್ತಾನೆ. ಒಂದು ಘಟ್ಟದಲ್ಲಿ ವಾದ್ಯವನ್ನು ಉದ್ದಕ್ಕೆ ಬಾಯೊಳಗೆ ತೂರಿಸಿ, ಎರಡೂ ಕೈಗಳನ್ನು ಕೆಳಗೆ ಬಿಟ್ಟು, ಉಸಿರಿನಿಂದಲೇ ನುಡಿಸುತ್ತಾನೆ. ನೋಡುವವರಿಗೆ ಮೊದಲು ನಗು ಬರುತ್ತದೆ. ಸ್ವರ ಒಂದಿಷ್ಟೂ ಹದಗೆಡಲಿಲ್ಲವೆಂದು ತಿಳಿದ ಮೇಲೆ ನಗು ನಿಲ್ಲುತ್ತದೆ.

ಈತ ಸನ್ನಿ ಬಾಯ್ ವಿಲಿಯಮ್ಸನ್. ಅಮೆರಿಕದ ಕರಿಯ ಜನರ ಬ್ಲೂಸ್ ಸಂಗೀತದಲ್ಲಿ ಮೌತ್ ಆರ್ಗನ್ ನುಡಿಸಿದವರ ಪೈಕಿ ಮೊದಲ ಸಾಲಿನಲ್ಲಿ ನಿಲ್ಲುವವನು. ಆದರೆ ಈ ಹೆಸರು ಅವನದಲ್ಲ.

ಹೆಸರು ಮಾತ್ರವಲ್ಲ, ಈತನ ವಿಷಯದಲ್ಲಿ ಕಾಗದದ ಮೇಲೆ ಇರುವುದು ಯಾವುದನ್ನೂ ಸುಲಭವಾಗಿ ನಂಬುವಂತಿಲ್ಲ. ಹುಟ್ಟಿದ್ದು 1899ರ ಡಿಸೆಂಬರ್ 5 ಎಂದು ಬಹುಕಾಲ ಪುಸ್ತಕಗಳಲ್ಲಿ ಬಂತು. ಸಮಾಧಿಯ ಕಲ್ಲಿನ ಮೇಲೆ 1908ರ ಮಾರ್ಚ್ 11 ಎಂದಿದೆ. ಡೇವಿಡ್ ಇವಾನ್ಸ್ ಎಂಬ ವಿದ್ವಾಂಸರು ಹಳೆಯ ಜನಗಣತಿ ಕಡತಗಳನ್ನು ಕೆದಕಿ, 1920ರ ಫೆಬ್ರವರಿಯಲ್ಲಿ ಈತ ಏಳು ವರ್ಷದ ಹುಡುಗನಾಗಿದ್ದನೆಂದು ತೋರಿಸಿದರು. ಹಾಗಾದರೆ ಹುಟ್ಟಿದ್ದು 1912ರ ಸುಮಾರಿಗೆ. ಚಿತ್ರದಲ್ಲಿ ಕಾಣುವ ಆ ಮುದುಕನಿಗೆ ಆಗ ಐವತ್ತರ ಆಸುಪಾಸು ಮಾತ್ರ ಎಂದಾಯಿತು. ಹುಟ್ಟಿದ ವರ್ಷ ಹೇಳುವಾಗ ವಯಸ್ಸು ಇಳಿಸಿಕೊಳ್ಳುವ ಕಲಾವಿದರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಏರಿಸಿಕೊಂಡವರು ಅಪರೂಪ. ಈತ ಏರಿಸಿಕೊಂಡದ್ದಕ್ಕೂ ಒಂದು ಕಾರಣವಿತ್ತು. ಅದು ಮುಂದೆ ಬರುತ್ತದೆ.

ಹುಟ್ಟಿದ ಊರಿನ ಬಗ್ಗೆ ಅಷ್ಟು ವಿವಾದವಿಲ್ಲ. ಅದು ಮಿಸಿಸಿಪಿ ರಾಜ್ಯದ ಟಲಹಾಚಿ ಕೌಂಟಿಯಲ್ಲಿ, ಗ್ಲೆಂಡೋರಾ ಎಂಬ ಸಣ್ಣ ಊರಿನ ಹತ್ತಿರದ ಹತ್ತಿ ತೋಟ. ತಾಯಿಯ ಮನೆತನದ ಹೆಸರು ಫೋರ್ಡ್. ಮಲತಂದೆ ಜಿಮ್ ಮಿಲ್ಲರ್. ಹುಡುಗನ ಹೆಸರು ಅಲೆಕ್. ಮಲತಂದೆಯ ಹೆಸರು ಸೇರಿ ಅಲೆಕ್ ಮಿಲ್ಲರ್ ಆದ. ಎಳವೆಯಲ್ಲಿ ಅವನಿಗೆ 'ರೈಸ್' ಎಂಬ ಅಡ್ಡಹೆಸರು ಬಿತ್ತು. ರೈಸ್ ಮಿಲ್ಲರ್ ಎಂದೊಡನೆ ನಮ್ಮ ಕಡೆಯವರಿಗೆ ಭತ್ತ ಕುಟ್ಟುವ ಗಿರಣಿಯ ಸದ್ದು ಕೇಳಿಸಿದರೆ ತಪ್ಪೇನೂ ಇಲ್ಲ. ಆದರೆ ಅವನ ಊರಿನಲ್ಲಿ ಇದ್ದದ್ದು ಅಕ್ಕಿಯಲ್ಲ, ಹತ್ತಿ. ಕಣ್ಣು ಹಾಯುವಷ್ಟು ದೂರ ಹತ್ತಿ.

ಈ ಪ್ರದೇಶವನ್ನು ಡೆಲ್ಟಾ ಎನ್ನುತ್ತಾರೆ. ನದಿ ಸಮುದ್ರ ಸೇರುವ ಮುಖಜ ಭೂಮಿಯಲ್ಲ ಇದು. ಮಿಸಿಸಿಪಿ ಮತ್ತು ಯಾಜೂ ನದಿಗಳ ನಡುವಣ ಮಟ್ಟಸವಾದ ಮೆಕ್ಕಲು ನೆಲ. ಗುಲಾಮಗಿರಿ ಕಾನೂನಿನಿಂದ ಹೋಗಿ ಅರ್ಧ ಶತಮಾನವಾಗಿದ್ದರೂ ಅಲ್ಲಿ ದುಡಿಯುತ್ತಿದ್ದವರು ಕರಿಯರು, ನೆಲ ಬಿಳಿಯರದು. ಪಾಲಿನ ಗೇಣಿಯ ಪದ್ಧತಿ. ಬೀಜ, ಹೇಸರಗತ್ತೆ, ಊಟದ ಸಾಮಾನು ಎಲ್ಲವೂ ಧಣಿಯ ಅಂಗಡಿಯಿಂದ ಸಾಲಕ್ಕೆ. ವರ್ಷದ ಕೊನೆಗೆ ಲೆಕ್ಕ ಬರೆಯುವವನೂ ಧಣಿಯೇ. ಭೂಮಸೂದೆ ಬರುವುದಕ್ಕಿಂತ ಮೊದಲಿನ ದಿನಗಳನ್ನು ಕಂಡ ಒಕ್ಕಲು ಮನೆಗಳವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲೆಕ್ ಮಿಲ್ಲರ್ 1930ರ ದಶಕದ ಮೊದಲ ವರ್ಷಗಳ ತನಕ ತಾಯಿ ಮತ್ತು ಮಲತಂದೆಯೊಡನೆ ಹೊಲದಲ್ಲಿ ದುಡಿದ. ಬಳಿಕ ಒಂದು ದಿನ ಹೊರಟುಹೋದ. ಆ ಮೇಲೆ ಒಂದೇ ಊರಿನಲ್ಲಿ ನೆಲೆ ನಿಂತದ್ದು ಕಡಿಮೆ.

ಜೊತೆಗಿದ್ದದ್ದು ಮೌತ್ ಆರ್ಗನ್. ಈ ವಾದ್ಯದ ಕುರಿತು ಸ್ವಲ್ಪ ಹೇಳದೆ ಆತನ ಕತೆ ಮುಂದುವರಿಯುವಂತಿಲ್ಲ.

ನಮ್ಮ ಹಾರ್ಮೋನಿಯಂ, ಭಾಗವತರ ಹಿಂದೆ ಕೇಳಿಬರುವ ಶ್ರುತಿಪೆಟ್ಟಿಗೆ, ಈ ಮೌತ್ ಆರ್ಗನ್ ಎಲ್ಲವೂ ಒಂದೇ ಕುಲದವು. ಲೋಹದ ತೆಳ್ಳನೆಯ ರೀಡು ಗಾಳಿಗೆ ನಡುಗಿ ಸ್ವರ ಹೊರಡುತ್ತದೆ. ಹಾರ್ಮೋನಿಯಂಗೆ ತಿದಿ ಗಾಳಿ ಕೊಟ್ಟರೆ ಇಲ್ಲಿ ಕೊಡುವುದು ಶ್ವಾಸಕೋಶ. ಜರ್ಮನಿಯ ನೈರುತ್ಯ ಮೂಲೆಯ ಟ್ರೊಸಿಂಗನ್ ಎಂಬ ಊರಿನಲ್ಲಿ ಮತ್ತಿಯಾಸ್ ಹೋನರ್ ಎಂಬ ಗಡಿಯಾರ ಕೆಲಸದವನು 1857ರಲ್ಲಿ ಇವುಗಳನ್ನು ಮಾಡಿ ಮಾರಲು ತೊಡಗಿದ. ಅವನ ಕಾರ್ಖಾನೆಯ ಮಾಲು ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. 1896ರಲ್ಲಿ ಬಂದ ಮರೀನ್ ಬ್ಯಾಂಡ್ ಎಂಬ ಮಾದರಿಗೆ ಅಲ್ಲಿ ಐವತ್ತು ಸೆಂಟ್ ಬೆಲೆ. ಹತ್ತು ರಂಧ್ರ, ಇಪ್ಪತ್ತು ರೀಡು. ಪಿಟೀಲು ಕೊಳ್ಳಲಾಗದವನು, ಪಿಯಾನೋ ಕನಸಿನಲ್ಲೂ ಕಾಣದವನು ಇದನ್ನು ಕೊಂಡು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳಬಹುದಾಗಿತ್ತು.

ಜರ್ಮನರು ಇದನ್ನು ಮಾಡಿದ್ದು ತಮ್ಮ ಹಳ್ಳಿಯ ಕುಣಿತದ ಹಾಡುಗಳಿಗೆ. ಊದಿದರೆ ಒಂದು ಸ್ವರಗುಚ್ಛ, ಎಳೆದರೆ ಇನ್ನೊಂದು. ಎಲ್ಲ ಸ್ವರಗಳೂ ಇದರಲ್ಲಿ ಇಲ್ಲ. ಅಮೆರಿಕದ ದಕ್ಷಿಣದ ಕರಿಯ ಮಕ್ಕಳು ಇದನ್ನು ಕೈಗೆತ್ತಿಕೊಂಡಾಗ ತಯಾರಕರು ನಿರೀಕ್ಷಿಸದ ಎರಡು ಕೆಲಸ ಮಾಡಿದರು. ಮೊದಲನೆಯದು, ಪೆಟ್ಟಿಗೆಯ ಷಡ್ಜವನ್ನು ಬಿಟ್ಟು ಅದರ ಪಂಚಮವನ್ನೇ ಷಡ್ಜವಾಗಿ ಹಿಡಿದರು. ನಮ್ಮವರು ಗ್ರಹಭೇದ ಎನ್ನುವಂಥದ್ದು. ಆಗ ಮುಖ್ಯ ಸ್ವರಗಳೆಲ್ಲ ಊದುವುದರಿಂದ ಅಲ್ಲ, ಉಸಿರು ಒಳಗೆ ಎಳೆಯುವುದರಿಂದ ಬರುತ್ತವೆ. ಎರಡನೆಯದು, ಎಳೆಯುವಾಗ ನಾಲಗೆ, ಗಂಟಲುಗಳ ಆಕಾರ ಬದಲಿಸಿ ಸ್ವರವನ್ನು ಕೆಳಕ್ಕೆ ಜಾರಿಸಿದರು. ಇದ್ದ ಸ್ವರದ ಕೆಳಗಿನಿಂದ ಇಲ್ಲದ ಸ್ವರ ಹುಟ್ಟಿತು. ಗಮಕವೇ ಬಾರದ ವಾದ್ಯದಿಂದ ಗಮಕ ಹೊರಡಿಸಿದ ಹಾಗೆ. ಬ್ಲೂಸ್ ಹಾಡಿನ ಅಳು, ನರಳು, ಕೊಂಕು ಎಲ್ಲವೂ ಈ ಜಾರುವಿಕೆಯಲ್ಲಿದೆ.

ರೈಸ್ ಮಿಲ್ಲರ್ ಈ ವಿದ್ಯೆಯನ್ನು ಬಾಲ್ಯದಲ್ಲೇ ಕರಗತ ಮಾಡಿಕೊಂಡ. ಮನೆ ಬಿಟ್ಟ ಮೇಲೆ ಮಿಸಿಸಿಪಿ, ಅರ್ಕನ್ಸಾಸ್ ರಾಜ್ಯಗಳಲ್ಲಿ ಬೀದಿಯ ಮೂಲೆ, ಮರದ ಮಿಲ್ಲು, ಶನಿವಾರ ರಾತ್ರಿಯ ಕುಡಿತದ ಮನೆ ಎನ್ನದೆ ಎಲ್ಲೆಡೆ ನುಡಿಸಿದ. ಆಗ ಅವನು ಇಟ್ಟುಕೊಂಡಿದ್ದ ಹೆಸರುಗಳಲ್ಲಿ ಲಿಟಲ್ ಬಾಯ್ ಬ್ಲೂ ಎಂಬುದೂ ಒಂದು. ಈ ಅಲೆದಾಟದಲ್ಲಿ ರಾಬರ್ಟ್ ಜಾನ್ಸನ್, ಎಲ್ಮೋರ್ ಜೇಮ್ಸ್, ರಾಬರ್ಟ್ ಲಾಕ್‌ವುಡ್ ಮುಂತಾದವರ ಸಂಗವಾಯಿತು. ಮುಂದೆ ಹೌಲಿನ್ ವುಲ್ಫ್ ಎಂದು ಪ್ರಸಿದ್ಧನಾದ ಗಾಯಕನಿಗೆ ಮೌತ್ ಆರ್ಗನ್ ಕಲಿಸಿದವನೂ ಈತನೇ; ಆ ವುಲ್ಫ್‌ನ ಸಂಬಂಧದ ಸಹೋದರಿ ಮೇರಿಯನ್ನು ಮದುವೆಯಾಗಿದ್ದ. 1938ರಲ್ಲಿ ಚಿಕ್ಕ ವಯಸ್ಸಿನಲ್ಲಿ ಸತ್ತ ರಾಬರ್ಟ್ ಜಾನ್ಸನ್ ಪ್ರಾಣ ಬಿಟ್ಟದ್ದು ತನ್ನ ತೋಳಿನಲ್ಲೇ ಎಂದು ಈತ ಹೇಳಿಕೊಳ್ಳುತ್ತಿದ್ದನಂತೆ. ಈತ ಹೇಳಿದ ಕತೆಗಳಲ್ಲಿ ಎಷ್ಟನ್ನು ನಂಬಬೇಕೆಂಬುದು ಈತನ ಚರಿತ್ರೆ ಬರೆಯಹೊರಟ ಎಲ್ಲರಿಗೂ ಎದುರಾದ ತೊಡಕು.

1941ರ ನವೆಂಬರ್‌ನಲ್ಲಿ ಅವನ ಬದುಕು ತಿರುಗಿತು. ಮಿಸಿಸಿಪಿ ನದಿಯ ಅರ್ಕನ್ಸಾಸ್ ದಂಡೆಯ ಮೇಲೆ ಹೆಲೆನಾ ಎಂಬ ಊರಿದೆ. ಅಲ್ಲಿ ಆಗಷ್ಟೇ ಕೆ.ಎಫ್.ಎಫ್.ಎ. ಎಂಬ ಸಣ್ಣ ರೇಡಿಯೋ ನಿಲಯ ಆರಂಭವಾಗಿತ್ತು. ರೈಸ್ ಮಿಲ್ಲರ್ ಮತ್ತು ರಾಬರ್ಟ್ ಲಾಕ್‌ವುಡ್ ಅಲ್ಲಿಗೆ ಹೋಗಿ ಅವಕಾಶ ಕೇಳಿದರು. ಜಾಹೀರಾತು ಕೊಡುವವರು ಯಾರಾದರೂ ಬೇಕಲ್ಲ ಎಂದು ನಿಲಯದವರು ಅವರನ್ನು ಊರಿನ ಇಂಟರ್‌ಸ್ಟೇಟ್ ಗ್ರೋಸರಿ ಎಂಬ ಸಗಟು ಕಿರಾಣಿ ವ್ಯಾಪಾರದ ಮ್ಯಾಕ್ಸ್ ಮೂರ್ ಬಳಿ ಕಳುಹಿಸಿದರು. ಮೂರ್‌ಗೆ ಕಿಂಗ್ ಬಿಸ್ಕಿಟ್ ಎಂಬ ಗೋಧಿಹಿಟ್ಟು ಮಾರಬೇಕಿತ್ತು. ಕೊಳ್ಳುವವರಲ್ಲಿ ಕರಿಯ ಜನರೇ ಬಹಳ. ಹೀಗೆ ಕಿಂಗ್ ಬಿಸ್ಕಿಟ್ ಟೈಮ್ ಎಂಬ ಕಾರ್ಯಕ್ರಮ ಹುಟ್ಟಿತು. ಮಧ್ಯಾಹ್ನ 12 ಗಂಟೆ 15 ನಿಮಿಷಕ್ಕೆ, ಹದಿನೈದು ನಿಮಿಷ. ಹೊಲದವರು ಊಟಕ್ಕೆ ಬರುವ ಹೊತ್ತು ಅದು.

ಆ ಸೀಮೆಯ ರೇಡಿಯೋದಲ್ಲಿ ಅದುವರೆಗೆ ಕರಿಯರ ಬಾಯಿಂದ ಕರಿಯರ ಹಾಡು ದಿನವೂ ಬಂದದ್ದಿಲ್ಲ. ಈಗ ದಿನಾ ಮಧ್ಯಾಹ್ನ ತಮ್ಮ ಮಾತು, ತಮ್ಮ ಧಾಟಿ. ಪರಭಾಷೆಯ ನಿಲಯಗಳ ಗದ್ದಲದ ನಡುವೆ ರೇಡಿಯೋದ ಮುಳ್ಳು ತಿರುಗಿಸಿ ತಿರುಗಿಸಿ ನಮ್ಮ ಭಾಷೆಯ ವಾರ್ತೆಯನ್ನು ಹಿಡಿದು ಕಿವಿಗೊಟ್ಟು ಕೂತ ಮನೆಗಳಲ್ಲಿ ಬೆಳೆದವರಿಗೆ ಆ ಹದಿನೈದು ನಿಮಿಷದ ಬೆಲೆ ಗೊತ್ತಾಗುತ್ತದೆ. ಹೆಲೆನಾದ ಸುತ್ತಣ ಹತ್ತಿ ಸೀಮೆಯಲ್ಲಿ ಆ ಹೊತ್ತಿಗೆ ರೇಡಿಯೋ ಇದ್ದ ಮನೆಯ ಜಗಲಿಯಲ್ಲಿ ಇಲ್ಲದ ಮನೆಯವರೂ ಸೇರುತ್ತಿದ್ದರು. ಕಾರ್ಯಕ್ರಮದಲ್ಲಿ ಹಾಡಿ, ಹಿಟ್ಟಿನ ಗುಣಗಾನ ಮಾಡಿ, ಸಂಜೆ ಯಾವ ಊರಿನಲ್ಲಿ ಕಚೇರಿ ಇದೆಯೆಂದು ಹೇಳಿಕೊಳ್ಳುವ ಅನುಕೂಲವೂ ವಾದಕರಿಗೆ ಇತ್ತು. ಸಂಬಳಕ್ಕಿಂತ ಇದೇ ದೊಡ್ಡದು. ಮುಂದೆ ಆ ವ್ಯಾಪಾರಿಗಳು ಸನ್ನಿ ಬಾಯ್ ಹೆಸರಿನಲ್ಲೇ ಮೆಕ್ಕೆಜೋಳದ ಹಿಟ್ಟನ್ನೂ ಮಾರುಕಟ್ಟೆಗೆ ತಂದರು. ಚೀಲದ ಮೇಲೆ ಮೌತ್ ಆರ್ಗನ್ ಹಿಡಿದು ಜೋಳದ ತೆನೆಯ ಮೇಲೆ ಕೂತ ಅವನ ಚಿತ್ರ.

ಹೆಸರಿನ ಪ್ರಕರಣ ಇಲ್ಲೇ ನಡೆದದ್ದು. ಅದೇ ಕಾಲಕ್ಕೆ ಷಿಕಾಗೋದಲ್ಲಿ ಜಾನ್ ಲೀ ಕರ್ಟಿಸ್ ವಿಲಿಯಮ್ಸನ್ ಎಂಬ ಇನ್ನೊಬ್ಬ ಮೌತ್ ಆರ್ಗನ್ ವಾದಕನಿದ್ದ. 1914ರಲ್ಲಿ ಟೆನ್ನೆಸಿ ರಾಜ್ಯದಲ್ಲಿ ಹುಟ್ಟಿದವನು. 1937ರ ಮೇ ತಿಂಗಳಲ್ಲಿ ಬ್ಲೂಬರ್ಡ್ ಕಂಪೆನಿಗೆ ಮೊದಲ ಗ್ರಾಮಫೋನ್ ತಟ್ಟೆಗಳನ್ನು ಕೊಟ್ಟು ಒಮ್ಮೆಲೇ ಜನಪ್ರಿಯನಾಗಿದ್ದ. ಸನ್ನಿ ಬಾಯ್ ವಿಲಿಯಮ್ಸನ್ ಎಂಬುದು ಅವನ ಹೆಸರು. ಬ್ಲೂಸ್‌ನಲ್ಲಿ ಮೌತ್ ಆರ್ಗನ್ ಪಕ್ಕವಾದ್ಯದ ಸ್ಥಾನದಿಂದ ಏರಿ ಮುಂಚೂಣಿಗೆ ಬಂದದ್ದು ಬಹುಮಟ್ಟಿಗೆ ಅವನಿಂದ. ಹೆಲೆನಾದ ರೇಡಿಯೋದಲ್ಲಿ ರೈಸ್ ಮಿಲ್ಲರ್‌ನನ್ನು ಅದೇ ಹೆಸರಿನಿಂದ ಕರೆಯತೊಡಗಿದರು. ಹಿಟ್ಟು ಮಾರುವವರಿಗೆ ಹೊಳೆದ ಉಪಾಯವೋ, ವಾದಕನದ್ದೋ, ಅಂತೂ ಇಬ್ಬರಿಗೂ ಅದರಿಂದ ಲಾಭವಾಯಿತು. ಆಗ ರೈಸ್ ಮಿಲ್ಲರ್‌ನದೊಂದು ತಟ್ಟೆಯೂ ಹೊರಬಂದಿರಲಿಲ್ಲ. ಕೇಳುವವರಿಗೆ ಮುಖ ಕಾಣದು.

ಇದು ಸರಿಯೇ? ಸರಿಯಲ್ಲ ಎಂದೇ ಹೇಳಬೇಕು. ಒಬ್ಬನು ದುಡಿದು ಗಳಿಸಿದ ಹೆಸರಿನ ಮೇಲೆ ಇನ್ನೊಬ್ಬನು ಕೈಯಿಟ್ಟ. ಮೇಲಾಗಿ, ತಾನೇ ಮೂಲ ಸನ್ನಿ ಬಾಯ್, ತನಗಿಂತ ಮೊದಲು ಯಾರೂ ಇಲ್ಲ ಎಂದು ಸಾಯುವವರೆಗೆ ವಾದಿಸಿದ. ಜಾನ್ ಲೀಗಿಂತ ಮೊದಲೇ ಹುಟ್ಟಿದವನು ತಾನೆಂದು ತೋರಿಸಲು ವಯಸ್ಸನ್ನು ಹಿಂದಕ್ಕೆ ತಳ್ಳಿಕೊಂಡದ್ದೂ ಇದೇ ವಾದಕ್ಕಾಗಿ ಎಂದು ಚರಿತ್ರಕಾರರು ಭಾವಿಸುತ್ತಾರೆ. ಆದರೆ ಸೋಜಿಗವೆಂದರೆ ಅವನ ನುಡಿಸಾಣಿಕೆ ಜಾನ್ ಲೀಯ ನಕಲಾಗಿರಲಿಲ್ಲ. ಕದ್ದದ್ದು ಹೆಸರನ್ನು, ಸಂಗೀತವನ್ನಲ್ಲ. 1948ರ ಜೂನ್ 1ರಂದು ಷಿಕಾಗೋದಲ್ಲಿ ರಾತ್ರಿ ಕಚೇರಿ ಮುಗಿಸಿ ಮನೆಗೆ ನಡೆದುಹೋಗುತ್ತಿದ್ದ ಜಾನ್ ಲೀಯನ್ನು ದರೋಡೆಕೋರರು ಹೊಡೆದು ಕೊಂದರು. ಅವನಿಗೆ ಆಗ 34 ವರ್ಷ. ಆಮೇಲೆ ಹೆಸರನ್ನು ಮರಳಿ ಕೇಳುವವರು ಉಳಿಯಲಿಲ್ಲ. ಈಗ ಪುಸ್ತಕಗಳಲ್ಲಿ ರಾಜರಿಗೆ ಬರೆಯುವಂತೆ ಒಂದನೆಯ ಸನ್ನಿ ಬಾಯ್, ಎರಡನೆಯ ಸನ್ನಿ ಬಾಯ್ ಎಂದು ಬರೆಯುತ್ತಾರೆ.

ಎರಡನೆಯವನು ಅದೇ 1948ರ ಹೊತ್ತಿಗೆ ನದಿಯಾಚೆ ಮೆಂಫಿಸ್ ಇರುವ ವೆಸ್ಟ್ ಮೆಂಫಿಸ್ ಊರಿನ ಕೆ.ಡಬ್ಲ್ಯು.ಇ.ಎಂ. ನಿಲಯದಲ್ಲಿ ಹಾಡುತ್ತಿದ್ದ. ಒಂದು ದಿನ ಮಿಸಿಸಿಪಿಯ ಹತ್ತಿ ಹೊಲದಿಂದ ಬಂದ ಯುವಕನೊಬ್ಬ ಒಂದು ಹಾಡಿಗೆ ಅವಕಾಶ ಬೇಡಿದ. ಕೊಟ್ಟ. ಅಂದು ರಾತ್ರಿ ಒಪ್ಪಿಕೊಂಡಿದ್ದ ಎರಡು ಕಚೇರಿಗಳಲ್ಲಿ ಒಂದಕ್ಕೆ ಅವನನ್ನೇ ಕಳುಹಿಸಿದ. ಆ ಯುವಕನೇ ಬಿ.ಬಿ. ಕಿಂಗ್. ಬ್ಲೂಸ್ ಸಂಗೀತದ ಅತಿ ದೊಡ್ಡ ಹೆಸರಾಗಿ 2015ರಲ್ಲಿ ತೀರಿಕೊಂಡ ಕಿಂಗ್ ಈ ಉಪಕಾರವನ್ನು ಕೊನೆಯ ತನಕ ನೆನೆಯುತ್ತಿದ್ದರು.

ರೇಡಿಯೋದಲ್ಲಿ ಹತ್ತು ವರ್ಷ ಹಾಡಿದರೂ ಅವನ ತಟ್ಟೆ ಬಂದದ್ದು 1951ರಲ್ಲಿ. ಅದು ಒಬ್ಬ ಬಿಳಿಯ ಮಹಿಳೆಯಿಂದ. ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ ಲಿಲಿಯನ್ ಮೆಕ್‌ಮರಿ ಮತ್ತು ಅವರ ಪತಿ ಪೀಠೋಪಕರಣದ ಅಂಗಡಿ ನಡೆಸುತ್ತಿದ್ದರು. ಕೊಂಡ ಕಟ್ಟಡವೊಂದರಲ್ಲಿ ಹಳೆಯ ಸರಕಿನ ಜೊತೆ ಸಿಕ್ಕ ಕರಿಯರ ಸಂಗೀತದ ತಟ್ಟೆಯನ್ನು ಕೇಳಿ ಆಕೆ ಮರುಳಾಗಿ, ಟ್ರಂಪೆಟ್ ಎಂಬ ಹೆಸರಿನಲ್ಲಿ ಸ್ವಂತ ಕಂಪೆನಿಯನ್ನೇ ಕಟ್ಟಿದರು. ಆ ಕಾಲದ ಮಿಸಿಸಿಪಿಯಲ್ಲಿ ಬಿಳಿಯ ಹೆಂಗಸು ಕರಿಯ ಗಾಯಕರನ್ನು ಹುಡುಕಿಕೊಂಡು ಹೋಗುವುದೆಂದರೆ ಸಾಮಾನ್ಯ ಧೈರ್ಯವಲ್ಲ. ಜನವರಿ 1951ರಲ್ಲಿ ಸನ್ನಿ ಬಾಯ್ ಮೊದಲ ಬಾರಿಗೆ ಧ್ವನಿಮುದ್ರಣಕ್ಕೆ ನಿಂತ. ಅದೇ ವರ್ಷ ಎಲ್ಮೋರ್ ಜೇಮ್ಸ್ ಹಾಡಿದ ಡಸ್ಟ್ ಮೈ ಬ್ರೂಮ್ ಎಂಬ ಪ್ರಸಿದ್ಧ ತಟ್ಟೆಯ ಹಿಂದಿನ ಮೌತ್ ಆರ್ಗನ್ ಕೂಡ ಇವನದೇ. ಟ್ರಂಪೆಟ್ ಕಂಪೆನಿ ಬಹಳ ವರ್ಷ ಬಾಳಲಿಲ್ಲ. ಸನ್ನಿ ಬಾಯ್ ಜೊತೆಗಿದ್ದ ಕರಾರು ಸಾಲಕ್ಕೆ ಬದಲಾಗಿ ಕೈದಾಟಿ ಷಿಕಾಗೋದ ಚೆಸ್ ಸಹೋದರರ ಚೆಕರ್ ಕಂಪೆನಿಗೆ ಸೇರಿತು.

ಅಲ್ಲಿ 1955ರ ಆಗಸ್ಟ್ 12ರಂದು ಮೊದಲ ಧ್ವನಿಮುದ್ರಣ. ಮಡ್ಡಿ ವಾಟರ್ಸ್, ಓಟಿಸ್ ಸ್ಪಾನ್, ವಿಲ್ಲಿ ಡಿಕ್ಸನ್‌ರಂತಹ ಘಟಾನುಘಟಿಗಳು ಪಕ್ಕವಾದ್ಯಕ್ಕೆ. ಊರಿನ ಗುಟ್ಟುಗಳನ್ನೆಲ್ಲ ಬಯಲು ಮಾಡುವೆನೆಂದು ಬೆದರಿಸುವ ಹಾಸ್ಯದ ಹಾಡೊಂದು ಅಂದು ತಯಾರಾಯಿತು. ಕರಿಯರ ಸಂಗೀತದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಏರಿತು. ಅದೇ ಆಗಸ್ಟ್ ತಿಂಗಳ 28ರಂದು, ಷಿಕಾಗೋದಿಂದ ಮಿಸಿಸಿಪಿಗೆ ನೆಂಟರ ಮನೆಗೆ ಹೋಗಿದ್ದ ಹದಿನಾಲ್ಕರ ಬಾಲಕ ಎಮೆಟ್ ಟಿಲ್‌ನನ್ನು ಬಿಳಿಯರು ಎತ್ತಿಕೊಂಡುಹೋಗಿ ಕೊಂದು ಟಲಹಾಚಿ ನದಿಗೆ ಎಸೆದರು. ವಿಚಾರಣೆ ನಡೆದದ್ದು ಸನ್ನಿ ಬಾಯ್ ಹುಟ್ಟಿದ ಟಲಹಾಚಿ ಕೌಂಟಿಯಲ್ಲೇ. ಬಿಳಿಯ ಪಂಚರು ಆರೋಪಿಗಳನ್ನು ಬಿಟ್ಟುಬಿಟ್ಟರು. ಈ ಹಾಡುಗಾರನ ನಗೆಚಾಟಿಕೆ, ಸುಳ್ಳು, ಊರೂರು ತಪ್ಪಿಸಿಕೊಂಡು ಓಡಾಡುವ ಸ್ವಭಾವ ಇವುಗಳನ್ನು ತೂಗುವಾಗ ಅವನು ಯಾವ ನೆಲದಲ್ಲಿ ಬೆಳೆದನೆಂಬುದನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕು.

ಷಿಕಾಗೋದ ಬೇರೆ ವಾದಕರು, ಮುಖ್ಯವಾಗಿ ಲಿಟಲ್ ವಾಲ್ಟರ್, 1950ರ ದಶಕದಲ್ಲಿ ಮೈಕನ್ನು ಅಂಗೈಯೊಳಗೇ ವಾದ್ಯದ ಜೊತೆ ಹಿಡಿದು ವಿದ್ಯುತ್ ವರ್ಧಕದಿಂದ ಸ್ಯಾಕ್ಸಫೋನಿನಷ್ಟು ದೊಡ್ಡ ನಾದ ತೆಗೆದರು. ಸನ್ನಿ ಬಾಯ್ ಆ ಹಾದಿ ಹಿಡಿಯಲಿಲ್ಲ. ಹಾಡುವ ಮೈಕಿನ ಮುಂದೆಯೇ ನಿಂತು, ವಾದ್ಯದ ಸುತ್ತ ಉದ್ದನೆಯ ಬೆರಳುಗಳ ಬೋಗುಣಿ ಕಟ್ಟಿ, ಅದನ್ನು ತೆರೆದು ಮುಚ್ಚಿ ಬೇಕಾದ ನಾದ ಪಡೆಯುತ್ತಿದ್ದ. ಒಂದು ಸಾಲು ಹಾಡಿ, ಅದಕ್ಕೆ ಉತ್ತರವನ್ನು ವಾದ್ಯದಿಂದ ಕೊಡಿಸುತ್ತಿದ್ದ. ಅಬ್ಬರವಿಲ್ಲ. ಎರಡು ಸ್ವರ ಸಾಕಾದಲ್ಲಿ ಮೂರನೆಯದು ಇಲ್ಲ.

ಹೀಗಿರುವಾಗ 1963 ಬಂತು. ಹೋರ್ಸ್ಟ್ ಲಿಪ್ಮನ್ ಮತ್ತು ಫ್ರಿಟ್ಜ್ ರಾವ್ ಎಂಬ ಇಬ್ಬರು ಜರ್ಮನರು ಹಿಂದಿನ ವರ್ಷದಿಂದ ಅಮೆರಿಕದ ಬ್ಲೂಸ್ ಕಲಾವಿದರನ್ನು ಒಟ್ಟುಮಾಡಿ ಯುರೋಪಿನ ಊರೂರಿಗೆ ಕರೆದೊಯ್ಯುತ್ತಿದ್ದರು. ಅಮೆರಿಕನ್ ಫೋಕ್ ಬ್ಲೂಸ್ ಫೆಸ್ಟಿವಲ್ ಎಂದು ಅದರ ಹೆಸರು. 1963ರ ತಂಡದಲ್ಲಿ ಮಡ್ಡಿ ವಾಟರ್ಸ್, ಮೆಂಫಿಸ್ ಸ್ಲಿಮ್, ವಿಲ್ಲಿ ಡಿಕ್ಸನ್, ಲಾನಿ ಜಾನ್ಸನ್, ಬಿಗ್ ಜೋ ವಿಲಿಯಮ್ಸ್, ವಿಕ್ಟೋರಿಯಾ ಸ್ಪೈವಿ ಇದ್ದರು. ಸನ್ನಿ ಬಾಯ್ ಕೂಡ ಬಂದ. ತಮ್ಮ ದೇಶದಲ್ಲಿ ಬಿಳಿಯರ ಹೋಟೆಲಿನ ಹಿಂಬಾಗಿಲಿಗೂ ಬಿಡದವರನ್ನು ಇಲ್ಲಿ ದೊಡ್ಡ ಸಭಾಭವನಗಳಲ್ಲಿ ಜನ ಮೌನವಾಗಿ ಕೂತು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಕೊಡುವ ಮರ್ಯಾದೆಯಿಂದ ಕೇಳಿದರು. ಕುಡಿತದ ಮನೆಯ ಗದ್ದಲದಲ್ಲಿ ನುಡಿಸಿ ಅಭ್ಯಾಸವಾದವರಿಗೆ ಆ ನಿಶ್ಶಬ್ದವೇ ಮೊದಮೊದಲು ಗಾಬರಿ ಹುಟ್ಟಿಸಿರಬೇಕು.

ಈ ತಂಡವನ್ನೇ ಬಾಡೆನ್-ಬಾಡೆನ್‌ನ ಸೂಡ್‌ವೆಸ್ಟ್‌ಫುಂಕ್ ಎಂಬ ಪ್ರಸಾರ ಸಂಸ್ಥೆ ತನ್ನ ಸ್ಟುಡಿಯೋಕ್ಕೆ ಕರೆಸಿ ಚಿತ್ರೀಕರಿಸಿತು. ಜಾಝ್ ಸಂಗೀತದ ದೊಡ್ಡ ಪಂಡಿತ ಯೋಹಾಕಿಮ್ ಬೆರೆಂಟ್ ಆ ಸಂಸ್ಥೆಯಲ್ಲಿದ್ದುದು ಇದಕ್ಕೆ ಅನುಕೂಲವಾಯಿತು. ಅಮೆರಿಕದ ಟೆಲಿವಿಷನ್ ಇಂಥವರಿಗೆ ಕೊಟ್ಟ ಜಾಗ ತೀರ ಕಡಿಮೆ. ಆದ್ದರಿಂದ ಈ ಕಲಾವಿದರಲ್ಲಿ ಅನೇಕರು ನುಡಿಸುತ್ತಿದ್ದುದನ್ನು ಇವತ್ತು ಕಣ್ಣಿನಿಂದ ಕಾಣಬೇಕಾದರೆ ಜರ್ಮನರ ಚಿತ್ರಗಳನ್ನೇ ನೋಡಬೇಕು. ಇನ್ನೊಂದು ಸ್ವಾರಸ್ಯವನ್ನೂ ಗಮನಿಸಬೇಕು. ಬಾಡೆನ್-ಬಾಡೆನ್ ಇರುವುದೂ, ಮೌತ್ ಆರ್ಗನ್ ತಯಾರಾಗುವ ಟ್ರೊಸಿಂಗನ್ ಇರುವುದೂ ಬಾಡೆನ್-ವ್ಯೂರ್ಟೆಂಬೆರ್ಗ್ ಎಂಬ ಒಂದೇ ರಾಜ್ಯದಲ್ಲಿ. ಅಲ್ಲಿಂದ ಅಗ್ಗದ ಆಟಿಕೆಯಂತೆ ಹಡಗೇರಿದ ವಾದ್ಯ, ಮಿಸಿಸಿಪಿಯ ಹೊಲಗಳಲ್ಲಿ ಬೇರೆಯೇ ಭಾಷೆ ಕಲಿತು, ಹುಟ್ಟಿದ ಸೀಮೆಗೆ ಹಿಂದಿರುಗಿ ಬಂದಿತ್ತು.

ಚಿತ್ರಗಳಲ್ಲಿ ನೋಡಬೇಕಾದದ್ದು ಅವನ ಕೈಗಳನ್ನು. ಧ್ವನಿಮುದ್ರಿಕೆ ಕೇಳಿ ಕಲಿತವರಿಗೆ ತಿಳಿಯದ ಸಂಗತಿ ಅಲ್ಲಿದೆ. ಎಡಗೈ ವಾದ್ಯ ಹಿಡಿದಿರುತ್ತದೆ. ಬಲಗೈ ಹಕ್ಕಿಯ ರೆಕ್ಕೆಯಂತೆ ಬಡಿಯುತ್ತದೆ. ಕೆಲವೊಮ್ಮೆ ಪೂರ್ತಿ ತೆರೆದು, ಕೆಲವೊಮ್ಮೆ ಒಂದು ಬೆರಳಿನಷ್ಟು ಸಂದು ಬಿಟ್ಟು. ವಾದ್ಯ ಅತ್ತಂತೆ ಕೇಳಿಸುವುದು ಆ ಸಂದಿನಿಂದ. ಹಾಡಿನ ಸಾಲು ಮುಗಿಯುವ ಮೊದಲೇ ವಾದ್ಯ ತುಟಿಗೆ ಬಂದಿರುತ್ತದೆ. ಮಾತು ಎಲ್ಲಿ ನಿಂತಿತು, ನಾದ ಎಲ್ಲಿ ಹುಟ್ಟಿತು ಎಂದು ಗೆರೆ ಎಳೆಯಲಾಗದು. ಮುಖದಲ್ಲಿ ಕಳ್ಳನಗು. ಕಣ್ಣು ಒಮ್ಮೆ ಕ್ಯಾಮರಾದ ಕಡೆ, ಒಮ್ಮೆ ಅರ್ಧ ಮುಚ್ಚಿ. ವಾದ್ಯವನ್ನು ಬಾಯೊಳಗಿಟ್ಟು ಕೈಬಿಟ್ಟು ನುಡಿಸುವುದು ಬೀದಿಯಲ್ಲಿ ಚಿಲ್ಲರೆ ಕಾಸಿಗಾಗಿ ಕಲಿತ ಆಟ. ಸಾವಿರಾರು ಜನರ ಮುಂದೆಯೂ ಅದನ್ನು ಅವನು ಬಿಟ್ಟಿಲ್ಲ. ಇದು ಸರ್ಕಸ್ಸಿನ ಚಮತ್ಕಾರವಲ್ಲವೇ ಎಂದು ಮೂಗು ಮುರಿಯುವವರಿದ್ದಾರೆ. ಇರಬಹುದು. ಆದರೆ ಅಷ್ಟು ಹೊತ್ತೂ ತಾಳ ತಪ್ಪುವುದಿಲ್ಲ ಎಂಬುದನ್ನೂ ಅವರು ಕೇಳಿಸಿಕೊಳ್ಳಬೇಕು.

ಪ್ರವಾಸ ಮುಗಿದ ಮೇಲೆ ಉಳಿದವರು ಊರಿಗೆ ಹೋದರೂ ಈತ ಇಂಗ್ಲೆಂಡಿನಲ್ಲಿ ಉಳಿದ. ಲಂಡನ್ನಿನಲ್ಲಿ ಅರ್ಧ ಕಪ್ಪು, ಅರ್ಧ ಬೂದು ಬಣ್ಣದ ಸೂಟು ಹೊಲಿಸಿಕೊಂಡ. ತಲೆಗೆ ಇಂಗ್ಲಿಷ್ ಸಾಹೇಬರ ಗುಂಡು ಹ್ಯಾಟು, ಕೈಯಲ್ಲಿ ಕೊಡೆ, ಮೌತ್ ಆರ್ಗನ್‌ಗಳನ್ನು ತುಂಬಿದ ವಕೀಲರ ಬಗೆಯ ಪೆಟ್ಟಿಗೆ. ಡಿಸೆಂಬರ್ 8ರಂದು ಲಂಡನ್ ಬಳಿಯ ರಿಚ್ಮಂಡಿನ ಕ್ಲಬ್ಬಿನಲ್ಲಿ ಯಾರ್ಡ್‌ಬರ್ಡ್ಸ್ ಎಂಬ ಹುಡುಗರ ತಂಡದೊಂದಿಗೆ ನುಡಿಸಿದ. ಗಿಟಾರ್ ಹಿಡಿದಿದ್ದ ಎರಿಕ್ ಕ್ಲಾಪ್ಟನ್‌ಗೆ ಆಗ ಹದಿನೆಂಟು. ಅದೇ ತಿಂಗಳ 30ರಂದು ನ್ಯೂಕ್ಯಾಸಲ್ ನಗರದಲ್ಲಿ ಆ್ಯನಿಮಲ್ಸ್ ತಂಡದ ಜೊತೆ. ಆ ಹುಡುಗರು ಬ್ಲೂಸ್ ಕಲಿತದ್ದು ಗ್ರಾಮಫೋನ್ ತಟ್ಟೆಗಳಿಂದ. ಶ್ರದ್ಧೆ ಬಹಳ, ಪಳಗಿದ್ದು ಕಡಿಮೆ. ಈತ ಹೇಳಿಕೊಟ್ಟದ್ದೂ ಇದೆ, ಊರಿಗೆ ಹೋಗಿ ಅವರ ಬಗ್ಗೆ ಗೇಲಿ ಮಾಡಿದ್ದೂ ಇದೆ. ಹಾಡಿನ ಗತಿಯನ್ನು ಮುನ್ಸೂಚನೆಯಿಲ್ಲದೆ ಬದಲಿಸಿ ಅವರನ್ನು ತಬ್ಬಿಬ್ಬು ಮಾಡುವುದು ಅವನಿಗೆ ಇಷ್ಟದ ಆಟ. ಆ ಹುಡುಗರಲ್ಲಿ ಹಲವರು ಕೆಲವೇ ವರ್ಷಗಳಲ್ಲಿ ಲಕ್ಷಾಧಿಪತಿಗಳಾದರು. 1964ರಲ್ಲಿ ಮತ್ತೊಮ್ಮೆ ಫೆಸ್ಟಿವಲ್ ತಂಡದ ಜೊತೆ ಅವನು ಯುರೋಪ್ ಸುತ್ತಿದ.

1965ರಲ್ಲಿ ಹೆಲೆನಾಕ್ಕೆ ಮರಳಿದ. ಅದೇ ಸಣ್ಣ ನಿಲಯ, ಅದೇ ಮಧ್ಯಾಹ್ನದ ಕಾರ್ಯಕ್ರಮ. ಯುರೋಪಿನ ದೊಡ್ಡ ಸಭಾಭವನಗಳ ಬಗ್ಗೆ ಅವನು ಹೇಳಿದರೆ ಊರಿನವರು ನಂಬುತ್ತಿರಲಿಲ್ಲವಂತೆ. ಅಷ್ಟು ಸುಳ್ಳು ಹೇಳಿದವನ ಬಾಯಿಂದ ನಿಜ ಬಂದರೂ ಹೀಗೇ. ಆ ವಸಂತದಲ್ಲಿ ಹಾಕ್ಸ್ ಎಂಬ ತರುಣ ವಾದಕರ ತಂಡ ಅವನನ್ನು ಹುಡುಕಿಕೊಂಡು ಬಂತು. ಅವರ ಪೈಕಿ ಡ್ರಮ್ ಬಾರಿಸುವ ಲೆವನ್ ಹೆಲ್ಮ್ ಆ ಕಡೆಯವನೇ, ಬಾಲ್ಯದಲ್ಲಿ ಕಿಂಗ್ ಬಿಸ್ಕಿಟ್ ತಂಡವನ್ನು ಬಾಯಿ ತೆರೆದು ನೋಡಿದವನು. ರಾತ್ರಿ ಒಟ್ಟಿಗೆ ನುಡಿಸಿದರು. ಸನ್ನಿ ಬಾಯ್ ಆಗಾಗ ಡಬ್ಬಿಯೊಂದಕ್ಕೆ ಉಗುಳುತ್ತಿದ್ದ. ಹೊಗೆಸೊಪ್ಪೆಂದು ಹುಡುಗರು ತಿಳಿದಿದ್ದರು; ಅದು ರಕ್ತವಾಗಿತ್ತು. ಕರಿಯನೊಬ್ಬನೊಡನೆ ಕೂತಿದ್ದ ಬಿಳಿಯ ಹುಡುಗರಿಗೆ ಊರು ಬಿಡುವಂತೆ ಪೊಲೀಸರು ತಾಕೀತು ಮಾಡಿದರೆಂದು ಅವರು ಮುಂದೆ ಹೇಳಿದ್ದಾರೆ. ಒಟ್ಟಿಗೆ ಏನಾದರೂ ಮಾಡೋಣವೆಂದು ಮಾತಾಗಿತ್ತು. ಆಗಲಿಲ್ಲ. ಆ ಹುಡುಗರು ಬಳಿಕ ಬಾಬ್ ಡಿಲನ್ ಜೊತೆ ಸೇರಿ, ದಿ ಬ್ಯಾಂಡ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧರಾದರು.

ಮೇ 25ರಂದು 12 ಗಂಟೆಯಾದರೂ ಸನ್ನಿ ಬಾಯ್ ನಿಲಯಕ್ಕೆ ಬರಲಿಲ್ಲ. ಡ್ರಮ್ ನುಡಿಸುತ್ತಿದ್ದ ಪೆಕ್ ಕರ್ಟಿಸ್ ಅವನ ಬಾಡಿಗೆ ಕೋಣೆಗೆ ಹೋಗಿ ನೋಡಿದಾಗ ಹಾಸಿಗೆಯಲ್ಲೇ ಪ್ರಾಣ ಹೋಗಿತ್ತು.

ಸಹೋದರಿಯರು ದೇಹವನ್ನು ನದಿ ದಾಟಿಸಿ ಮಿಸಿಸಿಪಿಯ ಟಟ್ವೈಲರ್ ಊರಿಗೆ ಒಯ್ದು ಮಣ್ಣು ಮಾಡಿದರು. 1903ರ ಸುಮಾರಿಗೆ ಡಬ್ಲ್ಯು.ಸಿ. ಹ್ಯಾಂಡಿ ಎಂಬ ಸಂಗೀತಗಾರ ರೈಲಿಗಾಗಿ ಕಾಯುತ್ತ ಬ್ಲೂಸ್ ಹಾಡನ್ನು ಕೇಳಿದ್ದಾಗಿ ಬರೆದಿಟ್ಟ ಊರು ಅದೇ. ಬಹಳ ವರ್ಷ ಸಮಾಧಿಗೆ ಗುರುತಿರಲಿಲ್ಲ. ಕೊನೆಗೆ ಕಲ್ಲು ಹಾಕಿಸಿದವರು ಹಳೆಯ ಟ್ರಂಪೆಟ್ ಕಂಪೆನಿಯ ಲಿಲಿಯನ್ ಮೆಕ್‌ಮರಿ. ಕಲ್ಲಿನಲ್ಲಿ ಸತ್ತ ದಿನ 1965ರ ಜೂನ್ 23 ಎಂದಿದೆ. ಸುಮಾರು ಒಂದು ತಿಂಗಳ ತಪ್ಪು. ಬದುಕಿದ್ದಾಗ ತಾರೀಕುಗಳನ್ನು ಅವನೇ ಕೆಡಿಸಿದ್ದ. ಸತ್ತ ಮೇಲೂ ಅವು ಸರಿಯಾಗಲಿಲ್ಲ. ನೋಡಲು ಬರುವವರು ಅಲ್ಲಿ ಮೌತ್ ಆರ್ಗನ್‌ಗಳನ್ನು ಇಟ್ಟುಹೋಗುತ್ತಾರೆ. ಹೆಲೆನಾದ ಕಾರ್ಯಕ್ರಮವನ್ನು 1951ರಿಂದ ನಡೆಸಿಕೊಂಡು ಬಂದ ಸನ್ನಿ ಪೇನ್ ಎಂಬ ಬಿಳಿಯ ಉದ್ಘೋಷಕರು 2018ರಲ್ಲಿ ತೀರಿಕೊಂಡರು. 2014ರಲ್ಲೇ ಅದು 17,000ನೆಯ ಪ್ರಸಾರವನ್ನು ದಾಟಿತ್ತು.

ಬಾಡೆನ್-ಬಾಡೆನ್‌ನ ಚಿತ್ರಗಳು ಸುಮಾರು ನಲವತ್ತು ವರ್ಷ ಡಬ್ಬಿಗಳಲ್ಲಿ ಉಳಿದವು. 2003ರಲ್ಲಿ ಅವುಗಳನ್ನು ಡಿ.ವಿ.ಡಿ. ತಟ್ಟೆಗಳಲ್ಲಿ ಹೊರತಂದರು. ಈಗ ಮೌತ್ ಆರ್ಗನ್ ಕಲಿಯುವವರು ಚಿತ್ರವನ್ನು ನಿಧಾನಗೊಳಿಸಿ, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಬಲಗೈಯ ಆ ಒಂದು ಬೆರಳು ಯಾವಾಗ ಸರಿಯುತ್ತದೆಂದು ಎಣಿಸುತ್ತ ಕೂರುತ್ತಾರೆ.